ಏಳನೇ ನಂಬರ್ ವಕೀಲರು

"ನೆನಪಿಲ್ಲಮ್ಮ" ಎಂದು ಹಿಂದಿನ ಸಂಜೆ ಫೋನಿನಲ್ಲಿ ಹೇಳಿದ್ದ ಸಣ್ಣದೊಂದು ಸುಳ್ಳು ಬೆಳಿಗ್ಗೆ ಹಲ್ಲುಜ್ಜುವಾಗಲೂ ಗುರುಬಸವರಾಜ್ ವಕೀಲರ ಬಾಯಲ್ಲೇ ಇತ್ತು. ಎರಡು ಸಲ ಮುಕ್ಕಳಿಸಿದರೂ ಹೋಗಲಿಲ್ಲ. ಐವತ್ತು ವರ್ಷ ವಕೀಲಿ ಮಾಡಿದವರು, ಅದರ ನಡುವೆ ಎರಡೂವರೆ ವರ್ಷ ಶಾಸಕರೂ ಆಗಿದ್ದವರು. ಸುಳ್ಳೆಂದರೆ ಬೆಚ್ಚಿಬೀಳುವ ಪೈಕಿ ಅಲ್ಲ. ಕಕ್ಷಿದಾರರಿಗಾಗಿ ಹೇಳಿದ್ದು, ಪಾರ್ಟಿಗಾಗಿ ಹೇಳಿದ್ದು, ಸಕ್ಕರೆ ಕಾಯಿಲೆಯ ವಿಷಯದಲ್ಲಿ ಹೆಂಡತಿ ಹೇಮಾವತಿಗೆ ದಿನಾ ಹೇಳುವುದು, ಎಲ್ಲವೂ ಹೇಳಿದ ಮರುಕ್ಷಣ ಮರೆತುಹೋಗುತ್ತಿದ್ದವು. ಫೋನು ಮಾಡಿದ್ದ ಹುಡುಗಿಯ ಹೆಸರು ಶೈಲಾ. ಜಗಳೂರಿನವಳು, ಹೊನ್ನಾಳಿಗೆ ಸೊಸೆಯಾಗಿ ಬಂದು ಅಲ್ಲೇ ವಕೀಲಿ ಶುರುಮಾಡಿ ಎರಡು ವರ್ಷ. ಇವತ್ತು ಹೊನ್ನಾಳಿಯ ವಕೀಲರೆಲ್ಲ ಸೇರಿ ಗುರುಬಸವರಾಜರ ಐವತ್ತು ವರ್ಷದ ವೃತ್ತಿಗೆ ಸನ್ಮಾನ ಇಟ್ಟುಕೊಂಡಿದ್ದರು, ಅಭಿನಂದನಾ ಪತ್ರ ಓದುವವಳು ಅವಳೇ. ತಪ್ಪುಗಿಪ್ಪು ಇದ್ದರೆ ತಿದ್ದಿ ಎಂದು ಪತ್ರವನ್ನು ಫೋನಿನಲ್ಲೇ ಪೂರ್ತಿ ಓದಿ ಹೇಳಿದಳು. ಕೊನೆಗೆ, "ಸರ್, ನಮ್ಮ ತಾತನ ಫಾರಮ್ಮೂ ನೀವೇ ಬರ್ದುಕೊಟ್ಟಿದ್ರಂತೆ. ಹನುಮಣ್ಣ ಅಂತ. ಸಾಸ್ವೆಹಳ್ಳಿ ಕಡೆ ಇದ್ರಂತೆ ಆಗ. ನೆನಪೈತಾ?" ಎಂದಳು. ಇಲ್ಲವೆಂದು ಬಾಯಿ ತಾನಾಗಿ ಹೇಳಿಬಿಟ್ಟಿತು.

ನೆನಪಿಲ್ಲದೆ ಏನು. ಗೇಣಿ ಮಾಡುವವನಿಗೇ ಜಮೀನು ಎಂಬ ಕಾನೂನು ಬಂದಾಗ ಗೇಣಿದಾರರೆಲ್ಲ ಏಳನೇ ನಂಬರ್ ಫಾರಂ ತುಂಬಿ ತಾಲ್ಲೂಕು ಕಚೇರಿಗೆ ಕೊಡಬೇಕಿತ್ತು. ಎಪ್ಪತ್ತೊಂಬತ್ತನೇ ಇಸವಿಯ ಜೂನ್ ಮೂವತ್ತು ಕೊನೆಯ ದಿನ. ಆಗಿನ್ನೂ ತಲೆತುಂಬ ಕೂದಲಿದ್ದ ಗುರುಬಸವರಾಜ್ ಒಂದು ಸೈಕಲ್ಲು, ಒಂದು ಚರ್ಮದ ಬ್ಯಾಗು ಹಿಡಿದು ನ್ಯಾಮತಿ, ಸವಳಂಗ, ಸಾಸ್ವೆಹಳ್ಳಿ ಸುತ್ತಮುತ್ತ ಹಳ್ಳಿಹಳ್ಳಿಯ ಶಾಲೆಯ ಜಗುಲಿಯಲ್ಲಿ ಕೂತು ಫಾರಂ ಬರೆದುಕೊಟ್ಟರು. ಒಟ್ಟು ಮುನ್ನೂರ ಹದಿಮೂರು. ಅದರಿಂದಲೇ ಏಳನೇ ನಂಬರ್ ವಕೀಲರು ಎಂದು ಹೆಸರಾಯಿತು. ಹದಿಮೂರು ವರ್ಷದ ಮೇಲೆ ಉಪಚುನಾವಣೆಗೆ ನಿಂತಾಗ ಗೋಡೆಯ ಮೇಲೆ ಹೆಸರಿಗಿಂತ ದೊಡ್ಡದಾಗಿ ಅದನ್ನೇ ಬರೆಸಿದ್ದರು. ಜನ ಗೆಲ್ಲಿಸಿದರು. ಮುನ್ನೂರ ಹದಿಮೂರರಲ್ಲಿ ಮುನ್ನೂರ ಹನ್ನೆರಡು ಫಾರಂ ತಾಲ್ಲೂಕು ಕಚೇರಿ ಮುಟ್ಟಿದವು. ಉಳಿದ ಒಂದು ಅವರ ಅಪ್ಪನ ಜಮೀನಿನದೇ, ನಾಲ್ಕು ಎಕರೆ, ಉಳುತ್ತಿದ್ದವನು ಹನುಮಣ್ಣ. ಅದನ್ನು ಅವರು ಹರಿದುಹಾಕಲಿಲ್ಲ, ಕೊಡುವುದಿಲ್ಲ ಎಂದೂ ತೀರ್ಮಾನಿಸಲಿಲ್ಲ. ನಾಳೆ ಕೊಟ್ಟರಾಯಿತು ಎಂದರು, ಮಾರನೆಯ ದಿನವೂ ಹಾಗೇ ಅಂದರು. ಬ್ಯಾಗಿನ ಒಳಜೇಬಿನಲ್ಲಿ ಅದು ಬೆಚ್ಚಗೆ ಕೂತಿದ್ದಾಗ ಜೂನ್ ಮೂವತ್ತು ಶನಿವಾರ ಬಂದು ಹೋಯಿತು. ಅಪ್ಪ ಆ ದಿನ ರಾತ್ರಿ ಊಟಕ್ಕೆ ಕೂತಾಗ ತುಪ್ಪದ ಗಿಂಡಿಯನ್ನು ಮಗನ ಕಡೆ ಸರಿಸಿದರು ಅಷ್ಟೆ.

"ಭಾಷಣ ಉದ್ದ ಮಾಡಬ್ಯಾಡ್ರಿ, ಊಟಕ್ಕೆ ಇಟ್ಟಿರ್ತಾರೆ, ಆರಿಹೋಗ್ತೈತೆ," ಎಂದು ಹೇಮಾವತಿ ಶಲ್ಯವನ್ನು ಇಸ್ತ್ರಿ ಮಡಿಕೆ ಕೆಡದಂತೆ ಹೆಗಲ ಮೇಲೆ ಕೂರಿಸಿದರು. ಅವರಿಗೆ ತ್ಯಾವಣಿಗೆಯಲ್ಲಿ ತಮ್ಮನ ಮನೆಯ ಗೃಹಪ್ರವೇಶ. ಮನೆಯ ಕಾರು ಹಿಂದಿನ ದಿನವೇ ಅವರ ಪಾಲಾಗಿತ್ತು. ವಕೀಲರ ಸಂಘದ ಕಾರ್ಯದರ್ಶಿ ಕೊಟ್ರೇಶ್ ಕಾರು ಕಳಿಸುತ್ತೇನೆಂದು ಮೂರು ಸಲ ಹೇಳಿದ್ದ. ಬೇಡಪ್ಪ, ನಾನು ಜನರ ಜೊತೆ ಬಸ್ಸಿನಲ್ಲೇ ಬರ್ತೀನಿ ಎಂದು ಗತ್ತಿನಲ್ಲಿ ಹೇಳಿಬಿಟ್ಟಿದ್ದು ಈಗ ಚನ್ನಗಿರಿ ಬಸ್‌ಸ್ಟ್ಯಾಂಡಿನ ಬಿಸಿಲಿನಲ್ಲಿ ತಪ್ಪೆನಿಸತೊಡಗಿತು. ಮಾಜಿ ಶಾಸಕರಿಗೆ ಬಸ್ಸು ಪುಕ್ಕಟೆ, ಶಾಸಕರಿಗೆಂದು ಬರೆದ ಸೀಟೂ ಉಂಟು. ಆ ಸೀಟಿನಲ್ಲಿ ಒಬ್ಬ ಹೆಂಗಸು ಮೆಣಸಿನಕಾಯಿ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ವಕೀಲರು ಸೀಟಿನ ಮೇಲಿನ ಬರಹವನ್ನು ಸುಮ್ಮನೆ ಒಮ್ಮೆ ಓದಿದರು. ಅವಳೂ ತಲೆಯೆತ್ತಿ ನೋಡಿದಳು, ಬರಹವನ್ನಲ್ಲ, ಇವರನ್ನು. "ಕುಂತ್ಕಳ್ರಿ ಯಜಮಾನ್ರೆ, ಇಬ್ರು ಹಿಡೀತೀವಿ," ಎಂದು ಚೀಲ ಸಮೇತ ಸರಿದಳು. ಕಂಡಕ್ಟರ್ ಬಂದು ಪಾಸನ್ನು ತಿರುಗಿಸಿ ಮುರುಗಿಸಿ ನೋಡಿದ. "ಹಾಲಿನಾ, ಮಾಜೀನಾ?" ಎಂದ. ಮಾಜಿ ಎಂದರು. "ಯಾವಾಗಿನ ಮಾಜಿ ರೀ?" ಎಂದ, ಕುತೂಹಲಕ್ಕೇ ಕೇಳಿದ್ದು ಪಾಪ. ಇಡೀ ಬಸ್ಸು ಉತ್ತರಕ್ಕೆ ಕಿವಿಗೊಟ್ಟಿದೆ ಅನ್ನಿಸಿತು ವಕೀಲರಿಗೆ. ಹೆಂಗಸು ನಡುವೆ ಬಾಯಿ ಹಾಕಿ, "ಬಿಡಪ್ಪ ಅತ್ಲಾಗೆ, ನಂದೂ ಪುಕ್ಕಟೆ ಅವರ್ದೂ ಪುಕ್ಕಟೆ, ನಿಂದೇನು ಹೋತು," ಎಂದಾಗ ಎಲ್ಲರೂ ನಕ್ಕರು. ವಕೀಲರೂ ನಕ್ಕರು, ಆದರೆ ಒಂದು ಗಳಿಗೆ ತಡವಾಗಿ.

ಬಸ್ಸು ಹೊರಟ ಮೇಲೆ ಭಾಷಣದ ಚೀಟಿ ತೆಗೆದರು. ವಿಧಾನಸಭೆಯಲ್ಲಿ ಎರಡೂವರೆ ವರ್ಷದಲ್ಲಿ ಅವರು ಎದ್ದುನಿಂತು ಮಾತಾಡಿದ್ದು ಮೂರೇ ಸಲ, ಮೂರನೆಯ ಸಲ ಸಭಾಧ್ಯಕ್ಷರು ಸಮಯವಾಯಿತೆಂದು ಕೂರಿಸಿದ್ದರು, ಆಮೇಲೆ ಸದನವೇ ವಿಸರ್ಜನೆಯಾಯಿತು. ಹೇಳದೆ ಉಳಿದಿದ್ದನ್ನೆಲ್ಲ ಅಂದಿನಿಂದ ಮದುವೆಮನೆಗಳಲ್ಲಿ, ಬಾರ್ ರೂಮಿನಲ್ಲಿ, ಕ್ಷೌರದಂಗಡಿಯಲ್ಲಿ ಹೇಳುತ್ತ ಬಂದಿದ್ದರು. ಚೀಟಿಯಲ್ಲಿ 'ರೈತರ ಪರ' ಎಂಬುದು ಐದು ಕಡೆ ಬಂದಿತ್ತು. ಓದುತ್ತ ಓದುತ್ತ ತಾವು ನಿಜಕ್ಕೂ ಒಳ್ಳೆಯವರೇ ಎನ್ನಿಸಿ ಸ್ವಲ್ಪ ಹಾಯೆನಿಸಿತು. ಮುನ್ನೂರ ಹನ್ನೆರಡು ಮನೆ ಎಂದರೇನು ಸಣ್ಣ ಮಾತೇ? ಅಷ್ಟು ಮನೆಯವರು ಇವತ್ತಿಗೂ ತಮ್ಮ ಹೊಲದಲ್ಲಿ ತಾವೇ ನಿಂತು ನೀರು ಕಟ್ಟುತ್ತಿದ್ದಾರೆ. ಒಂದೇ ಒಂದಕ್ಕೆ ಇಷ್ಟು ಯಾಕೆ ಕೊರಗಬೇಕು? ಈ ವಾದವನ್ನು ಅವರು ತಮ್ಮ ಮುಂದೆಯೇ ಎಷ್ಟೋ ಸಲ ಮಂಡಿಸಿ ಗೆದ್ದಿದ್ದರು. ಗೆದ್ದ ಕೇಸನ್ನೇ ಮತ್ತೆ ಮತ್ತೆ ನಡೆಸಬೇಕಾಗಿ ಬರುತ್ತಿದ್ದುದೇ ತಾಪತ್ರಯ. ಸಾಸ್ವೆಹಳ್ಳಿ ದಾಟುವಾಗ ಕಣ್ಣು ಮುಚ್ಚಿ ನಿದ್ದೆ ಬಂದವರಂತೆ ಕೂರುವುದು ಅವರ ಹಳೆಯ ಅಭ್ಯಾಸ. ಮುಚ್ಚಿದ ಕಣ್ಣಿಗೂ ಆ ನಾಲ್ಕು ಎಕರೆ, ಈಗ ಫಸಲಿಗೆ ಬಂದ ಅಡಿಕೆ ಮರಗಳ ಸಾಲು, ಬೇಲಿಗುಂಟ ಹಾಕಿಸಿದ ಸಿಮೆಂಟಿನ ಕಂಬಗಳ ಸಮೇತ ಕಾಣುತ್ತಿತ್ತು. "ಅಕ್ಕಪಕ್ಕದೋರಿಗೆಲ್ಲ ತಾಲ್ಲೂಕು ಕಚೇರಿ ನೋಟೀಸು ಬಂತು, ನನಗ್ಯಾಕೆ ಬರ್ಲಿಲ್ಲ ಸಣ್ಣ ಗೌಡ್ರೆ?" ಎಂದು ಹನುಮಣ್ಣ ದೀಪಾವಳಿಯ ಹೊತ್ತಿಗೆ ಬಂದು ನಿಂತಿದ್ದು ಆ ಜಮೀನಿನ ಬದುವಿನ ಮೇಲೇ. ನೀನು ತಡವಾಗಿ ಬಂದೆ ಹನುಮಣ್ಣ, ಅಷ್ಟೊತ್ತಿಗೆ ತಾರೀಖು ಮುಗಿದಿತ್ತು ಎಂದರು ಇವರು. "ಕಾರಹುಣ್ಣಿಮೆ ಮಾರನೇ ದಿನ ಬಂದಿದ್ನಲ್ರಿ." ಅಲ್ಲ, ಅದು ಕಡ್ಲೆಗಡಬಿನ ಹುಣ್ಣಿಮೆ, ಒಂದು ತಿಂಗಳು ತಡ, ಆಗಲೇ ಜುಲೈ ಬಂದಿತ್ತು ಎಂದರು ವಕೀಲರು. ಹನುಮಣ್ಣ ಬೆರಳು ಮಡಿಚುತ್ತ ಹಿಂದಕ್ಕೆ ಎಣಿಸಿದ, ಮತ್ತೆ ಮುಂದಕ್ಕೆ ಎಣಿಸಿದ. ಬಿತ್ತನೆ, ಕುಂಟೆ, ಕಳೆ ಎಲ್ಲವನ್ನೂ ಹುಣ್ಣಿಮೆ ಅಮಾವಾಸ್ಯೆಗಳ ಮೇಲೇ ನಡೆಸುವ ಮನುಷ್ಯ. ಒಂದು ದಿನ ಕೂಡ ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ. ಓದಿದವರು ಹೇಳುತ್ತಿದ್ದಾರಲ್ಲ ಎಂದು ಎಣಿಸುವುದನ್ನು ನಿಲ್ಲಿಸಿದ. "ಹಂಗಾರೆ ನಂದೇ ತಪ್ಪು ಬಿಡ್ರಿ," ಎಂದ. ಮುಂದಿನ ಯುಗಾದಿಗೆ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಜಗಳೂರಿನ ಕಡೆಗೆ, ಹೆಂಡತಿಯ ತವರಿಗೆ ಹೋದ. ಫಾರಂ ಬ್ಯಾಗಿನಲ್ಲಿ ಉಳಿದಿದ್ದಕ್ಕೆ ಅಪ್ಪನನ್ನೋ ವಯಸ್ಸನ್ನೋ ಅಂದುಬಿಡಬಹುದಿತ್ತು. ಈ ಹುಣ್ಣಿಮೆಯನ್ನು ಮಾತ್ರ ಯಾರ ತಲೆಗೂ ಕಟ್ಟಲು ಬರುತ್ತಿರಲಿಲ್ಲ.

ಹೊನ್ನಾಳಿಯಲ್ಲಿ ಇಳಿಯುವ ಹೊತ್ತಿಗೆ ವಕೀಲರು ನಿರ್ಧಾರ ಮಾಡಿಬಿಟ್ಟಿದ್ದರು: ಇವತ್ತು ಹೇಳಿಬಿಡುತ್ತೇನೆ, ಎಲ್ಲರ ಮುಂದೆ, ಆ ಹುಡುಗಿಯ ಮುಂದೆ. ನಿರ್ಧಾರ ಮಾಡಿದ ಕೂಡಲೇ ಹೊಟ್ಟೆ ಹಸಿಯಿತು. ಕೊಟ್ರೇಶ್ ಬಸ್‌ಸ್ಟ್ಯಾಂಡಿಗೇ ಬಂದು, "ಬಸ್ಸಲ್ಲೇ ಬಂದ್ರಲ್ಲ ಸಾಹೇಬ್ರೆ! ಈಗಿನ ಕಾಲದಾಗೆ ಯಾರು ಹಿಂಗೆ ಬರ್ತಾರ‍್ರಿ?" ಎಂದು ಕೈಹಿಡಿದು ಕರೆದೊಯ್ದ. ಸಭಾಂಗಣದಲ್ಲಿ ನೂರು ಕುರ್ಚಿ, ಅರುವತ್ತು ಜನ, ಹಿಂದಿನ ಸಾಲಿನಲ್ಲಿ ಊಟದ ವಾಸನೆ. ಮೈಸೂರು ಪೇಟ ತೊಡಿಸಿದರು, ಅದು ಅಳತೆಗೆ ದೊಡ್ಡದಾಗಿ ಹುಬ್ಬಿನವರೆಗೆ ಇಳಿಯಿತು. ಒಂದು ಕೈಯಲ್ಲಿ ಪೇಟ ಎತ್ತಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಹಣ್ಣಿನ ಬುಟ್ಟಿ ಹಿಡಿದು ಫೋಟೋಕ್ಕೆ ನಿಂತರು. ಆಮೇಲೆ ಶೈಲಾ ಮೈಕಿನ ಮುಂದೆ ಬಂದಳು. ಎತ್ತರದ ಹುಡುಗಿ, ಕರಿ ಕೋಟು, ಮಾತಿನಲ್ಲಿ ತಡವರಿಕೆ ಇಲ್ಲ. ಅವಳ ಮುಖದಲ್ಲಿ ಹನುಮಣ್ಣನ ಚಹರೆಯನ್ನು ಹುಡುಕಿದರು. ಸಿಗಲಿಲ್ಲ ಎಂದು ಸಮಾಧಾನವಾಗುವಷ್ಟರಲ್ಲಿ ಅವಳು ಹಾಳೆ ತಿರುಗಿಸಲು ಹೆಬ್ಬೆರಳಿಗೆ ಎಂಜಲು ಹಚ್ಚಿಕೊಂಡಳು, ಆ ಹೆಬ್ಬೆರಳು ಅಗಲವಾಗಿ, ತುದಿಯಲ್ಲಿ ಚಪ್ಪಟೆಯಾಗಿ, ಥೇಟ್ ಅವನದೇ ಆಗಿತ್ತು. ಐವತ್ತು ವರ್ಷ ಹೆಬ್ಬೆಟ್ಟು ಒತ್ತಿಸಿಕೊಂಡವರಿಗೆ ಅಷ್ಟು ಗುರುತು ಸಿಗದೆ ಇರುತ್ತದೆಯೇ. "ನ್ಯಾಯವಾದಿ, ಪ್ರಗತಿಪರ ಅಡಿಕೆ ಬೆಳೆಗಾರ, ಶಾಸಕ," ಎಂದು ಅವಳು ಓದುತ್ತಿದ್ದಳು, "ಮುನ್ನೂರ ಹದಿಮೂರು ಗೇಣಿದಾರ ಕುಟುಂಬಗಳಿಗೆ ಬೆಳಕಾದ ಮಹನೀಯರು." ಚಪ್ಪಾಳೆ ಬಿತ್ತು.

ತಮ್ಮ ಸರದಿ ಬಂದಾಗ ವಕೀಲರು ಚೀಟಿಯನ್ನು ಜೇಬಿಗೆ ತುರುಕಿದರು. ಮುನ್ನೂರ ಹದಿಮೂರಲ್ಲ, ಮುನ್ನೂರ ಹನ್ನೆರಡು ಎಂದು ಶುರುಮಾಡಿದರು. ಸಭೆ ಕಿವಿ ನಿಮಿರಿಸಿತು. ಒಂದು ಫಾರಂ ನನ್ನ ಬ್ಯಾಗಿನಲ್ಲೇ ಉಳಿಯಿತು, ಅದು ನನ್ನಪ್ಪನ ಜಮೀನಿನದು, ಆ ಬಡವನ ಮೊಮ್ಮಗಳು ಇವತ್ತು ಇದೇ ವೇದಿಕೆಯ ಮೇಲೆ ನನ್ನನ್ನು ಹೊಗಳಿ ಓದಿದ್ದಾಳೆ, ಇದಕ್ಕಿಂತ ದೊಡ್ಡ ಶಿಕ್ಷೆ ಯಾವ ಕೋರ್ಟು ಕೊಡಬಲ್ಲದು ಎಂದರು. ದನಿ ತಾನಾಗಿ ನಡುಗಿತು. ನಡುಗಿದ್ದು ನಿಜ, ಆದರೆ ಚೆನ್ನಾಗಿ ನಡುಗುತ್ತಿದೆ ಎಂದು ಒಳಗೆ ಯಾರೋ ಗಮನಿಸುತ್ತಿದ್ದುದೂ ನಿಜ. ಮೂವತ್ತು ವರ್ಷದಲ್ಲಿ ಇಷ್ಟು ಒಳ್ಳೆಯ ಭಾಷಣ ಮಾಡಿರಲಿಲ್ಲ. ಮುಗಿಸಿದಾಗ ಕೊಟ್ರೇಶ್ ಎದ್ದುನಿಂತು, "ಇದು ನೋಡ್ರಪ್ಪ ದೊಡ್ಡತನ ಅಂದ್ರೆ! ಯಾರು ಹೇಳ್ಕೊಂತಾರೆ ಇದನ್ನ?" ಎಂದು ಚಪ್ಪಾಳೆ ತಟ್ಟಿದ, ಮೊದಲಿಗಿಂತ ಎರಡು ಪಟ್ಟು ಚಪ್ಪಾಳೆ ಬಿತ್ತು. ವಕೀಲರಿಗೆ ಮೈ ಹಗುರಾಯಿತು. ಒಬ್ಬ ಹಿರಿಯ ವಕೀಲರು ಬಂದು ಕಣ್ಣೊರೆಸಿಕೊಂಡು ತಬ್ಬಿಕೊಂಡರು. ಇಷ್ಟು ಸುಲಭ ಎಂದು ಗೊತ್ತಿದ್ದರೆ ಮೊದಲೇ ಹೇಳಬಹುದಿತ್ತಲ್ಲ ಎನ್ನಿಸಿ, ಹೋಳಿಗೆಯ ಮೇಲೆ ಎರಡು ಚಮಚ ತುಪ್ಪ ಹೆಚ್ಚಿಗೆ ಹಾಕಿಸಿಕೊಂಡರು.

ಊಟದ ಮನೆಯಲ್ಲಿ ಶೈಲಾ ಅವರ ಎದುರಿನ ಕುರ್ಚಿ ಎಳೆದುಕೊಂಡು ಕೂತಳು. ಎಲೆ ಹಾಕಿಸಿಕೊಳ್ಳಲಿಲ್ಲ. ಅವಳ ಕಣ್ಣು ಕೆಂಪಾಗಿತ್ತು, ಆದರೆ ದನಿ ಮೈಕಿನ ಮುಂದೆ ಇದ್ದ ಹಾಗೇ ಇತ್ತು.

"ಕ್ಷಮಿಸಿದೆಯಾ ತಾಯಿ?" ಎಂದರು ವಕೀಲರು. ಬಾಯಲ್ಲಿ ಹೋಳಿಗೆ ಇದ್ದುದರಿಂದ ಮಾತು ಅಂದುಕೊಂಡಷ್ಟು ಚೆನ್ನಾಗಿ ಬರಲಿಲ್ಲ.

"ಅದನ್ನ ತಾತ ಹೇಳ್ಬೇಕಿತ್ತು ಸರ್. ಅವರು ಹೋಗಿ ಹನ್ನೊಂದು ವರ್ಷ ಆತು." ಅವಳು ಸ್ವಲ್ಪ ಮುಂದಕ್ಕೆ ಬಾಗಿದಳು. "ಫಾರಂ ಬ್ಯಾಗಲ್ಲಿ ಉಳೀತು ಅಂದ್ರಿ. ತಾತ ಅದನ್ನ ಯಾವ ಹುಣ್ಣಿಮೆಗೆ ಕೊಟ್ಟಿದ್ರು ಅಂತ ಹೇಳ್ಲಿಲ್ಲ ನೀವು."

ವಕೀಲರ ಕೈ ಎಲೆಯ ಮೇಲೆ ನಿಂತಿತು. ಐವತ್ತು ವರ್ಷದಲ್ಲಿ ಎಷ್ಟೋ ಸಾಕ್ಷಿಗಳನ್ನು ಅವರು ಹೀಗೇ ಒಂದು ಪ್ರಶ್ನೆಯಿಂದ ಕಟ್ಟಿಹಾಕಿದ್ದರು. ಆ ಕಡೆ ನಿಂತವರಿಗೆ ಹೇಗಿರುತ್ತದೆ ಎಂದು ಇವತ್ತೇ ಗೊತ್ತಾಗಿದ್ದು.

"ನಮ್ಮೂರಾಗೆ ತಾತಂಗೆ ಹುಣ್ಣಿಮೆ ತಪ್ಪಿದೋನು ಅಂತಾನೇ ಕರೀತಿದ್ರು," ಎಂದಳು ಶೈಲಾ. "ನಮ್ಮಪ್ಪ ಮಾರುತಿ ಅಂತ. ಆಗ ಹತ್ತು ವರ್ಷದೋರು. ನೀನು ಒಂದು ತಿಂಗಳು ಮೈಮರೆತು ಕುಂತಿದ್ದಕ್ಕೆ ನಾವು ಕೂಲಿ ಮಾಡಂಗಾತು ಅಂತ ಇಪ್ಪತ್ತು ವರ್ಷ ತಾತನ್ನ ಮಾತಾಡಿಸ್ಲಿಲ್ಲ ಅವರು. ಒಂದೇ ಮನೆಯಾಗೆ ಇದ್ಕಂಡು. ತಾತ ನನ್ನ ಹತ್ರ ಮಾತ್ರ ಹೇಳೋರು, ನನ್ನ ಕೈಯಾಗೆ ಎತ್ತಿನ ಕೊಂಬಿನ ಬಣ್ಣ ಇನ್ನೂ ಇತ್ತಲ್ಲೇ ಮಗಾ, ಕಾರಹುಣ್ಣಿಮೆನೇ ಇರ್ಬೇಕು ಅಲ್ವಾ ಅಂತ. ಆಮೇಲೆ ಅವರೇ, ಏನೋ, ಓದಿದೋರು ಸುಳ್ಳು ಹೇಳ್ತಾರಾ ಅನ್ನೋರು."

ಬಣ್ಣವನ್ನು ಅವರು ಪೂರ್ತಿ ಮರೆತಿದ್ದರು. ಈಗ ಅದು ಎದ್ದು ಬಂತು: ಶಾಲೆಯ ಜಗುಲಿ, ಹಿಂದಿನ ದಿನ ಎತ್ತಿನ ಕೊಂಬಿಗೆ ಬಳಿದ ಕೆಂಪು ಹನುಮಣ್ಣನ ಉಗುರಿನ ಸಂದಿಯಲ್ಲಿ, ಹೆಬ್ಬೆಟ್ಟು ಒತ್ತುವಾಗ ಶಾಯಿಯ ಜೊತೆ ಅದೂ ಫಾರಮ್ಮಿನ ಮೇಲೆ ಅಂಟಿದ್ದು, ತಾವು ನಕ್ಕು ನಿನಗೆ ಶಾಯಿ ಯಾಕೆ ಬೇಕು ಹನುಮಣ್ಣ ಎಂದಿದ್ದು. ನಕ್ಕಿದ್ದು ನೆನಪಾಗಿ ನಾಚಿಕೆಯಾಯಿತು. ಚಪ್ಪಾಳೆ ಬಿದ್ದ ಭಾಷಣ ನೆನಪಾಗಿ ಇನ್ನೂ ನಾಚಿಕೆಯಾಯಿತು. "ಕಾರಹುಣ್ಣಿಮೆನೇ," ಎಂದರು. "ಮಾರನೇ ದಿನ. ಸೋಮವಾರ. ನಾನೇ ಅವನಿಗೆ ತಿರುಗಿಸಿ ಹೇಳಿದೆ."

ಶೈಲಾ ಕೋಟಿನ ಜೇಬಿನಿಂದ ಒಂದು ಬಿಳಿ ಹಾಳೆ, ಪೆನ್ನು ತೆಗೆದು ಎಲೆಯ ಪಕ್ಕದಲ್ಲಿಟ್ಟಳು. "ಇಷ್ಟನ್ನೇ ಬರ್ದುಕೊಡ್ರಿ ಸರ್."

"ನಿಮ್ಮಪ್ಪನಿಗೆ ಫೋನು ಹಚ್ಚು, ನಾನೇ ಹೇಳ್ತೀನಿ."

"ಬಾಯಿಮಾತು ನಂಬಲ್ಲ ಅವರು. ಬರವಣಿಗೆ ಬೇಕು, ಸಹಿ ಬೇಕು."

ವಕೀಲರು ಕೈ ತೊಳೆದು ಬಂದು ಬರೆಯಲು ಕೂತರು. ಪೇಟ ಅಡ್ಡ ಬರುತ್ತಿತ್ತು, ತೆಗೆದು ಹಣ್ಣಿನ ಬುಟ್ಟಿಯ ಮೇಲಿಟ್ಟರು. ಅಕ್ಷರ ಇನ್ನೂ ಮುತ್ತಿನಂತಿತ್ತು. ನಾನು, ಮಾಜಿ ಶಾಸಕ, ವಕೀಲ ಗುರುಬಸವರಾಜ್, ಈ ಮೂಲಕ ತಿಳಿಸುವುದೇನೆಂದರೆ, ಹನುಮಣ್ಣನವರು ತಮ್ಮ ಏಳನೇ ನಂಬರ್ ಫಾರಮ್ಮನ್ನು ಕಾರಹುಣ್ಣಿಮೆಯ ಮಾರನೆಯ ದಿನವೇ, ಅಂದರೆ ಕೊನೆಯ ದಿನಕ್ಕೆ ಹತ್ತೊಂಬತ್ತು ದಿನ ಮುಂಚೆಯೇ ನನಗೆ ಕೊಟ್ಟಿದ್ದರು. ಅವರು ದಿನ ತಪ್ಪಲಿಲ್ಲ. ಅದನ್ನು ಕೊಡದೆ ಇಟ್ಟುಕೊಂಡವನು ನಾನು. ತಡವಾಯಿತೆಂದು ಅವರಿಗೆ ಸುಳ್ಳು ಹೇಳಿದವನೂ ನಾನೇ. ಇಷ್ಟು ಬರೆದು ಪೂರ್ಣವಿರಾಮ ಇಟ್ಟರು. ಪೆನ್ನು ಎತ್ತಬೇಕೆನ್ನುವಷ್ಟರಲ್ಲಿ ಕೈ ಮುಂದಕ್ಕೆ ಓಡಿ ಇನ್ನೊಂದು ಸಾಲು ಬರೆಯಿತು: ಆದರೆ ಈ ಹೇಳಿಕೆಯಿಂದ ಸದರಿ ಜಮೀನಿನ ಮೇಲಿನ ನಮ್ಮ ಹಕ್ಕಿಗೆ ಯಾವುದೇ ಬಾಧಕ ಇರುವುದಿಲ್ಲ. ಬರೆದು ಸಹಿಯನ್ನೂ ಮಾಡಿದರು. ಅಡಿಕೆ ತೋಟದ ಮೇಲೆ ಅಷ್ಟು ಪ್ರೀತಿ ಇದೆಯೆಂದು ಅವರಿಗೇ ಗೊತ್ತಿರಲಿಲ್ಲ. ಈಗಲೂ ಅದು ಪ್ರೀತಿಯೋ ಅಭ್ಯಾಸವೋ ಹೇಳುವುದು ಕಷ್ಟ.

ಶೈಲಾ ಓದಿದಳು. ಕೊನೆಯ ಸಾಲಿಗೆ ಬಂದು ನಿಂತಳು. ಸಿಟ್ಟು ಬರಲಿಲ್ಲ ಅವಳಿಗೆ, ಅಥವಾ ಬಂದದ್ದು ತೋರಿಸಲಿಲ್ಲ. ಹಾಳೆಯನ್ನು ತಿರುಗಿಸಿ ಅವರ ಮುಂದೆ ಇಟ್ಟಳು. "ಈ ಸಾಲು ಹೊಡೆದು ಹಾಕ್ರಿ ಸರ್. ನಾನು ಜಮೀನು ಕೇಳಾಕೆ ಬಂದಿಲ್ಲ. ಕಾನೂನು ನನಗೂ ಗೊತ್ತೈತೆ, ಈಗ ಏನೂ ಆಗಲ್ಲ. ಇದು ಇದ್ರೆ ನಮ್ಮಪ್ಪ ಮೇಲಿಂದು ಓದಲ್ಲ, ಇದನ್ನೇ ಓದ್ತಾರೆ."

ಸುತ್ತ ಎಲೆ ಎತ್ತುತ್ತಿದ್ದರು, ಕೊಟ್ರೇಶ್ ದೂರದಿಂದ ಇನ್ನೊಂದು ಹೋಳಿಗೆ ಹಾಕಲೇ ಎಂದು ಸನ್ನೆ ಮಾಡುತ್ತಿದ್ದ. ವಕೀಲರಿಗೆ ಒಂದು ಸಾಲಿನ ಮೇಲೆ ಗೆರೆ ಎಳೆಯುವುದು ಇಷ್ಟು ಭಾರವಾಗಬಹುದೆಂದು ಕನಸಿನಲ್ಲೂ ಅನ್ನಿಸಿರಲಿಲ್ಲ. ಎಳೆದರು. ಎಳೆದ ಮೇಲೆ ರೂಢಿಯಂತೆ ಪಕ್ಕದಲ್ಲಿ ಚಿಕ್ಕದಾಗಿ ಇನ್ನೊಂದು ಸಹಿ ಹಾಕಿದರು, ಹೊಡೆದುಹಾಕಿದವನು ತಾನೇ ಎಂದು.

ಅವಳು ಅಲ್ಲೇ ಕೂತು ಜಗಳೂರಿಗೆ ಫೋನು ಹಚ್ಚಿದಳು. ಅಪ್ಪನ ಕಿವಿ ಮಂದವಂತೆ. ಮೊಬೈಲನ್ನು ಜೋರಾಗಿಟ್ಟು ಮೇಜಿನ ಮೇಲಿಟ್ಟು, ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಓದಿದಳು, ಮಾಜಿ ಶಾಸಕ ಎಂಬಲ್ಲಿಂದ ಶುರುಮಾಡಿ. ಮುಗಿದಾಗ ಆ ಕಡೆ ಎಲ್ಲೋ ಒಂದು ಬೈಕು ಹೋದ ಸದ್ದಷ್ಟೇ ಕೇಳಿಸಿತು. ವಕೀಲರು ಮೊಬೈಲಿನ ಕಡೆ ಬಾಗಿದರು.

"ಅಪ್ಪಾ, ಕೇಳಿಸ್ತಾ? ತಾತ ತಪ್ಪಿರ್ಲಿಲ್ಲ ಕಣಪ್ಪಾ," ಎಂದಳು ಶೈಲಾ.

"ಕೇಳಿಸ್ತು," ಎಂದಿತು ಒಂದು ಒಡಕು ದನಿ. ಆಮೇಲೆ, "ತಡಿ ಮಗಾ, ಒಳಗೆ ಹೋಗಿ ಅಪ್ಪನ ಫೋಟೋ ಮುಂದೆ ಕುಂದ್ರುತೀನಿ. ಅಲ್ಲಿ ಇನ್ನೊಂದ್ಸಲ ಓದು."